ತೆರೆಯ ಮೇಲಿನ ನಗೆಗೆ ಬೆಲೆ ತೆರುವವರು ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಪಾಳಿ ಮುಗಿಸಿದ ಕಾರ್ಮಿಕನಿಗೂ, ಅಂಗಡಿ ಮುಚ್ಚಿದ ಚಿಲ್ಲರೆ ವರ್ತಕನಿಗೂ ಕೈಗೆಟಕುವ ಮನರಂಜನೆಯೆಂದರೆ ಸಿನಿಮಾ, ಟಾಕೀಸಿನಲ್ಲಾಗಲಿ, ಫೋನಿನಲ್ಲಾಗಲಿ. ಈ ಸಿನಿಮಾ ಮಂಗಳಮುಖಿಯರನ್ನು ನಮಗೆ ಹೇಗೆ ತೋರಿಸಿದೆ? ನಾಯಕನ ಮೈಮೇಲೆ ಬೀಳುವ ನಗೆಪಾತ್ರವಾಗಿ, ಇಲ್ಲವೇ ಕ್ರೂರಿಯಾಗಿ. 1991ರ ಹಿಂದೀ ಚಿತ್ರ ‘ಸಡಕ್’ನಲ್ಲಿ ವೇಶ್ಯಾಗೃಹ ನಡೆಸುವ ಖಳಪಾತ್ರವೇ ಹಿಜಡಾ.

ಅದು ಬರಿಯ ತಮಾಷೆ ಎನ್ನುವವರುಂಟು. ಆದರೆ ಮಂಗಳಮುಖಿಯರೊಡನೆ ಒಂದು ದಿನವೂ ಕುಳಿತು ಮಾತನಾಡದವನಿಗೆ ಅವರ ವಿಷಯದಲ್ಲಿ ತಿಳಿದಿರುವುದೆಲ್ಲ ತೆರೆಯಿಂದ, ಗಾಳಿಮಾತಿನಿಂದ ಬಂದದ್ದೇ. ಅವರ ಮೇಲಿನ ಶಂಕೆ ಸಿನಿಮಾದಲ್ಲಿ ಹುಟ್ಟಿದ್ದಲ್ಲ. 1871ರಲ್ಲೇ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆಯೊಳಗೆ ಅವರನ್ನು ಸೇರಿಸಿದ್ದರು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಕಲಮು ಸೇರಿ, ಹುಡುಗರನ್ನು ಅಪಹರಿಸುವರೆಂಬ ಶಂಕೆಯ ಮೇಲೆ ಅವರ ಹೆಸರುಗಳ ಪಟ್ಟಿಯಿಡುವ ಅಧಿಕಾರ ಪೊಲೀಸರಿಗೆ ಬಂತು. ಹೋರಾಟದ ಫಲವಾಗಿ 2016ರಲ್ಲಿ ಆ ಕಲಮು ತಿದ್ದುಪಡಿಯಾಯಿತು. ಇಂಥ ಕಾಯಿದೆ ಬಂದಾಗ ಜನ ಸುಮ್ಮನಿದ್ದುದೇಕೆ? ನಗಲು, ಹೆದರಲು ಕಲಿತವರಿಗೆ ಅದರಲ್ಲಿ ಅನ್ಯಾಯ ಕಾಣಲಿಲ್ಲ.

ತೆರೆಗೆ ಬೇರೆ ಬಗೆಯ ಶಕ್ತಿಯೂ ಇದೆ. ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ 2015ರಲ್ಲಿ ಬಿಡುಗಡೆಯಾಯಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಅದಕ್ಕೆ ಆಧಾರ. ಮನೆಯಿಂದ ಹೊರಬಿದ್ದ ಜೀವವೊಂದು ಭಿಕ್ಷೆಗೆ ಏಕೆ ಕೈಯೊಡ್ಡಬೇಕಾಯಿತೆಂಬುದನ್ನು ಆ ಚಿತ್ರ ತೋರಿಸಿತು. ಸಂಚಾರಿ ವಿಜಯ್‌ರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಯೋಗ್ಯವಾದ ಪ್ರಶಸ್ತಿಯೇ. ಆದರೂ ಮಂಗಳಮುಖಿಯರ ಪಾತ್ರಗಳ ಕೂಲಿಯಾದರೂ ಅವರ ಕೈಸೇರಬೇಡವೇ?

ಅಂಗಡಿ ಮುಂದೆ ಚಪ್ಪಾಳೆ ತಟ್ಟಿ ಕಾಸು ಕೇಳುತ್ತಾರೆಂಬ ವರ್ತಕ ಬಂಧುಗಳ ದೂರು ಸುಳ್ಳಲ್ಲ. ಆದರೆ ಬಾಡಿಗೆಗೆ ಮನೆ ಕೊಡದೆ, ಕೆಲಸ ಕೊಡದೆ, ಭಿಕ್ಷೆ ಬೇಡಬೇಡಿರೆನ್ನುವುದು ಯಾವ ನ್ಯಾಯ? ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಅವರ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಗಳಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಆ ಮೀಸಲಾತಿ ಖಾಸಗಿ ಗಿರಣಿಯ ಗೇಟಿನ ಒಳಗೆ ಬರುವುದಿಲ್ಲ. ಅಲ್ಲಿ ಬಾಗಿಲು ತೆರೆಸಬೇಕಾದವರು ನಾವು.

ಆದುದರಿಂದ ಕಾರ್ಮಿಕ ಸಂಘಗಳು ಮಾಲೀಕರ ಮುಂದಿಡುವ ಬೇಡಿಕೆಗಳಲ್ಲಿ ಮಂಗಳಮುಖಿಯರಿಗೆ ಕೆಲಸ, ಸಮಾನ ಕೂಲಿ ಎಂಬುದನ್ನೂ ಸೇರಿಸಲಿ. ವರ್ತಕರು ತಮ್ಮ ಅಂಗಡಿಯಲ್ಲಿ ಒಂದು ಕೆಲಸ ಕೊಟ್ಟು ನೋಡಲಿ. ಅವರನ್ನು ಹೀಯಾಳಿಸಿ ಹಣ ಮಾಡುವ ಚಿತ್ರಕ್ಕೆ ನಮ್ಮ ಬೆವರಿನ ಕಾಸು ಹೋಗದಿರಲಿ.