ಒಳಕಲ್ಲಿನ ನೀರು

ನೆಲಮಂಗಲದ ಸೀಮೆಯಲ್ಲಿರುವ ಶಿವಗಂಗೆಯ ಬೆಟ್ಟವನ್ನೇರುವ ಯಾತ್ರಿಕರು ಒಳಕಲ್ಲು ತೀರ್ಥದ ಬಳಿ ನಿಂತು, ಬಂಡೆಯ ಕುಳಿಯೊಳಗೆ ತೋಳನ್ನಿಳಿಸಿ ನೀರಿಗಾಗಿ ತಡಕುವುದು ಬಹುಕಾಲದ ವಾಡಿಕೆ. ಕೈಗೆ ನೀರು ಸೋಕಿದವನು ಪುಣ್ಯವಂತ, ಸೋಕದವನು ಪಾಪಿ ಎಂಬುದು ಜನರ ನಂಬಿಕೆ. ಈ ಪರೀಕ್ಷೆಯಲ್ಲಿ ಮನುಷ್ಯನು ಸೋಲಬಹುದು. ನಂಬಿಕೆಗೆ ಸೋಲೆಂಬುದೇ ಇಲ್ಲ. ನೀರು ದೊರೆತರೂ ಅದು ದೃಢಪಡುವುದು, ದೊರೆಯದಿದ್ದರೂ ದೃಢಪಡುವುದು. ನಾಸ್ತಿಕನ ಮುಂದೆ ಒಡ್ಡಲಾಗುವ ವಾದಗಳಲ್ಲಿ ಅನೇಕವು ಈ ಒಳಕಲ್ಲಿನ ಕುಲಕ್ಕೇ ಸೇರಿದವು. ಹರಕೆ ಫಲಿಸಿದರೆ ದೈವದ ಕರುಣೆ, ಫಲಿಸದಿದ್ದರೆ ದೈವದ ಪರೀಕ್ಷೆ ಅಥವಾ ಪೂರ್ವಕರ್ಮದ ಶೇಷ! ಏನು ಘಟಿಸಿದರೆ ತನ್ನ ಮಾತು ಸುಳ್ಳಾದೀತೆಂದು ಹೇಳಲೊಪ್ಪದ ವಾದಿಯು, ಏನು ಘಟಿಸಿದ್ದರಿಂದ ಅದು ನಿಜವಾಯಿತೆಂದು ಹೇಳುವ ಅಧಿಕಾರವನ್ನೂ ಕಳೆದುಕೊಳ್ಳುತ್ತಾನೆ.

ಇದು ಪರದೇಶದಿಂದ ತಂದ ತರ್ಕವಲ್ಲ. ಹೇತುವಿನ ವೇಷದಲ್ಲಿ ಬರುವ ಹುಸಿ ಹೇತುಗಳನ್ನು ಹೇತ್ವಾಭಾಸಗಳೆಂದು ಕರೆದು ವಿಂಗಡಿಸಿದವರು ನಮ್ಮ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರೇ. ಅವರೇ ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಲೇಬೇಕೆಂದು ವಾದಿಸಿದಾಗ, ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯು ಹುತ್ತದ ಉದಾಹರಣೆಯನ್ನು ಮುಂದಿಟ್ಟನು. ಹುತ್ತವೂ ಮಣ್ಣಿನ ರಚನೆಯೇ. ಹಾಗೆಂದು ಅದನ್ನೂ ಕುಂಬಾರನೇ ಮಾಡಿದನೆನ್ನಬಹುದೆ? ಘಾಟಿ ಸುಬ್ರಹ್ಮಣ್ಯದ ಆಸುಪಾಸಿನಲ್ಲಿ, ಹುತ್ತಕ್ಕೆ ಹಾಲೆರೆಯುವವರ ನಡುವೆ ಬೆಳೆದವರಿಗೆ ಈ ದೃಷ್ಟಾಂತದ ತೀಕ್ಷ್ಣತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಗೆದ್ದಲು ಕಟ್ಟಿದ್ದನ್ನು ಅವರು ಕಣ್ಣಾರೆ ಕಂಡವರು. ಹೋಲಿಕೆಯು ಒಂದು ಅಂಶದಲ್ಲಿ ಕೂಡಿಬಂದ ಮಾತ್ರಕ್ಕೆ ಎಲ್ಲ ಅಂಶಗಳಲ್ಲಿಯೂ ಕೂಡಿಬರಬೇಕೆಂಬ ನಿಯಮವಿಲ್ಲ. ಆದರೆ ಈ ವಾದವು ಕುಸಿದ ಮಾತ್ರಕ್ಕೆ ದೇವರಿಲ್ಲವೆಂದು ಸಿದ್ಧವಾಗದೆಂಬುದನ್ನು ನಾಸ್ತಿಕನೂ ಒಪ್ಪಬೇಕು.

‘ದೇವರಿಲ್ಲವೆಂದು ನೀನೇ ಸಾಧಿಸು’ ಎಂಬ ಸವಾಲಿಗೆ ಹೆಚ್ಚು ಮಾತು ಬೇಡ. ಸಾಲ ಕೊಟ್ಟಿದ್ದೇನೆನ್ನುವವನೇ ಪತ್ರವನ್ನು ತೋರಿಸತಕ್ಕದ್ದು.

ನನ್ನನ್ನು ನಿಜವಾಗಿ ನೋಯಿಸುವುದು ದೇವರನ್ನೊಪ್ಪದವನಿಗೆ ನೀತಿಯಿಲ್ಲವೆಂಬ ಮಾತು. ಅದನ್ನೊಪ್ಪಿದರೂ ನಂಬಿಕೆಯು ಉಪಯುಕ್ತವೆಂದಾದೀತೇ ಹೊರತು ಸತ್ಯವೆಂದಾಗದು. ಅದು ಒಪ್ಪತಕ್ಕದ್ದೂ ಅಲ್ಲ. ಜಗತ್ಕರ್ತನನ್ನು ನಿರಾಕರಿಸಿದ ಜೈನರಿಂದಲೇ ಅಹಿಂಸೆಯ ಅತಿ ಕಠಿನವಾದ ವ್ರತಗಳನ್ನು ಈ ನಾಡು ಕಲಿತದ್ದು. ಕನ್ನಡದ ಆದಿಕವಿ ಪಂಪನು ಆ ಧರ್ಮದವನು. ದೊಡ್ಡಬಳ್ಳಾಪುರಕ್ಕೆ ನೆರೆಯಾದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ವಿಚಾರವಾದಿ ಎಚ್. ನರಸಿಂಹಯ್ಯನವರು 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡರು; ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನು ರಚಿಸಿದರು; ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬ್ರಹ್ಮಚಾರಿಯಾಗಿ, ಖಾದಿಯುಟ್ಟು ಬಾಳಿದರು. ಅವರು ಪವಾಡಪುರುಷರಿಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವ ಬದಲು ನರಸಿಂಹಯ್ಯನವರ ನೀತಿಯನ್ನು ಶಂಕಿಸುವುದು ವಾದವಲ್ಲ, ವಾದದಿಂದ ಪಲಾಯನ.

ಇಷ್ಟೆಲ್ಲ ಏಕೆ, ಭಕ್ತರ ಪಾಡಿಗೆ ಅವರನ್ನು ಬಿಡಬಾರದೆ ಎಂದು ಕೇಳುವವರುಂಟು. ಅವರು ಒಮ್ಮೆ ಶಿವಗಂಗೆಗೆ ಹೋಗಿ ಒಳಕಲ್ಲಿನ ಬಳಿ ನಿಲ್ಲಲಿ. ಅಷ್ಟು ಮೆಟ್ಟಿಲುಗಳನ್ನು ಏದುಸಿರಿನಿಂದ ಹತ್ತಿಬಂದು, ಒದ್ದೆಯಾಗದ ಕೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡು, ತಾನೆಸಗಿದ ಪಾಪ ಯಾವುದೆಂದು ಚಿಂತಿಸುತ್ತ ಇಳಿದುಹೋಗುವ ಮುದುಕಿಗೆ, ಅಮ್ಮಾ, ನಿನ್ನ ತೋಳು ಗಿಡ್ಡ, ಅಷ್ಟೆ, ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.