ಬಿಟ್ಟುಕೊಟ್ಟದ್ದು ಯಾರ ಪಾಲು?

ಹರೇಂದ್ರ ಕುಮಾರ್ ಮುಖರ್ಜಿ ಎಂಬ ಹೆಸರು ಇವತ್ತು ಕ್ರೈಸ್ತರಿಗೇ ಅಷ್ಟಾಗಿ ನೆನಪಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಸಂವಿಧಾನ ಸಭೆಯ ಉಪಾಧ್ಯಕ್ಷರು, ಮುಂದೆ ಪಶ್ಚಿಮ ಬಂಗಾಳದ ರಾಜ್ಯಪಾಲರು. ದುಡಿದದ್ದರಲ್ಲಿ ದೊಡ್ಡ ಪಾಲನ್ನು ವಿಶ್ವವಿದ್ಯಾಲಯಕ್ಕೇ ದಾನ ಕೊಟ್ಟವರು. 1949ರ ಮೇ 11ರಂದು, ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯ ಮುಂದೆ ಅವರು ಒಂದು ನಿರ್ಣಯ ಇಟ್ಟರು: ಪರಿಶಿಷ್ಟ ಜಾತಿಗಳಿಗೆ ಬಿಟ್ಟು ಬೇರೆ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡ.

ಎರಡು ವರ್ಷದ ಹಿಂದೆ ಸಂವಿಧಾನ ಸಭೆಯೇ ಒಪ್ಪಿದ್ದ ಸ್ಥಾನಗಳವು. ದೇಶ ಇಬ್ಭಾಗವಾದ ನಂತರದ ದಿನಗಳು, ಧರ್ಮದ ಲೆಕ್ಕದಲ್ಲಿ ಕುರ್ಚಿ ಕೇಳುವುದಕ್ಕೇ ಹಿಂಜರಿಯುವ ಕಾಲ. ಹಾಗಾಗಿ ಈ ನಿರ್ಣಯದಲ್ಲಿ ವಿಶ್ವಾಸ ಎಷ್ಟು, ವ್ಯವಹಾರ ಜ್ಞಾನ ಎಷ್ಟು ಎಂದು ತೂಗುವುದು ಕಷ್ಟ. ಆದರೂ ಕೈಗೆ ಬಂದದ್ದನ್ನು ತಾವಾಗಿ ಹಿಂದಿರುಗಿಸುವವರು ರಾಜಕಾರಣದಲ್ಲಿ ಎಷ್ಟು ಜನ ಸಿಗುತ್ತಾರೆ? ಮಂಗಳೂರಿನಲ್ಲಿ ಹುಟ್ಟಿ ಮದ್ರಾಸಿನ ಲೊಯೋಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಅವರೂ ಸಭೆಯಲ್ಲಿ ಇದನ್ನು ಬೆಂಬಲಿಸಿದರು.

ಕ್ರೈಸ್ತರು ಪಟ್ಟು ಹಿಡಿದದ್ದು ಒಂದೇ ಒಂದು ಪದಕ್ಕೆ. 25ನೇ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆ ‘ಪ್ರಚಾರ’ ಮಾಡುವ ಹಕ್ಕೂ ಇದೆಯಲ್ಲ, ಅದಕ್ಕೆ. 1948ರ ಡಿಸೆಂಬರ್‌ನ ಚರ್ಚೆಯಲ್ಲಿ ಆ ಪದದ ಪರ ನಿಂತವರಲ್ಲಿ ಹಿಂದೂಗಳೇ ಮುಂದಿದ್ದರು. ತಾನು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದವನು, ಮತಾಂತರದ ಒತ್ತಾಯ ಯಾರೂ ಮಾಡಲಿಲ್ಲ ಎಂದು ಟಿ.ಟಿ. ಕೃಷ್ಣಮಾಚಾರಿ ಹೇಳಿದರು. ಯಾವುದೋ ಶಾಲೆಯ ತರಗತಿಯಲ್ಲಿ, ಹೆಸರೂ ದಾಖಲಾಗದ ಮೇಷ್ಟ್ರುಗಳು ದಿನನಿತ್ಯ ನಡೆದುಕೊಂಡ ರೀತಿ ಸಂವಿಧಾನದ ಒಂದು ಪದವನ್ನು ಕಾಯಿತು. ವಾದ ಮಾಡಿ ಗೆದ್ದದ್ದಕ್ಕಿಂತ ಇದು ದೊಡ್ಡದು ಎಂದು ನನಗನ್ನಿಸುತ್ತದೆ.

ರಾಜಕುಮಾರಿ ಅಮೃತ್ ಕೌರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಧರ್ಮವನ್ನು ‘ಆಚರಿಸುವ’ ಹಕ್ಕು ಎಂದು ಸುಮ್ಮನೆ ಬರೆದುಬಿಟ್ಟರೆ ಪರದಾ, ಸತಿ, ದೇವದಾಸಿ ಪದ್ಧತಿಗಳಿಗೂ ಅದೇ ಗುರಾಣಿಯಾಗುತ್ತದೆ ಎಂದು ಹಂಸಾ ಮೆಹ್ತಾ ಜೊತೆ ಸೇರಿ ತಕರಾರು ಎತ್ತಿದರು. ಸಮಾಜ ಸುಧಾರಣೆಯ ಕಾನೂನಿಗೆ ಇವತ್ತು 25ನೇ ವಿಧಿಯಲ್ಲೇ ಜಾಗ ಇರುವುದರ ಹಿಂದೆ ಈ ತಕರಾರಿನ ಪಾಲೂ ಇದೆ. ಗಾಂಧಿಯ ಬಳಿ ವರ್ಷಗಟ್ಟಲೆ ಕೆಲಸ ಮಾಡಿದ ಕ್ರೈಸ್ತ ಹೆಣ್ಣುಮಗಳೊಬ್ಬಳು ಧರ್ಮಕ್ಕೆ ಪೂರ್ತಿ ರಕ್ಷಣೆ ಬೇಡ ಎನ್ನುತ್ತಾಳೆ!

ಇಲ್ಲಿಯವರೆಗೆ ಹೇಳಿದ್ದು ನಮ್ಮ ಚರ್ಚುಗಳು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕಥೆ. ಮುಂದಿನದನ್ನು ಹೇಳುವಾಗ ಧ್ವನಿ ತಗ್ಗುತ್ತದೆ.

1950ರಲ್ಲಿ ಬಂದ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ, ಹಿಂದೂ ಅಲ್ಲದವರನ್ನು ಪಟ್ಟಿಯ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಎಂಬತ್ತರ ದಶಕದಲ್ಲಿ ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. ಅವರ ಕಸುಬಿನವರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡುತ್ತಿತ್ತು. ಇವರದೂ ಅದೇ ಜಾತಿ, ಅದೇ ಕೆಲಸ, ಅದೇ ಬಿಸಿಲು. ಕ್ರೈಸ್ತ ಎಂಬ ಕಾರಣಕ್ಕೆ ಅಂಗಡಿ ಸಿಗಲಿಲ್ಲ. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದರಷ್ಟೇ ಸಾಲದು, ಸಂಕಷ್ಟವೂ ಮೊದಲಿನಷ್ಟೇ ತೀವ್ರವಾಗಿದೆ ಎಂದು ತೋರಿಸಬೇಕು ಎಂದ ಕೋರ್ಟು 1985ರಲ್ಲಿ ಅರ್ಜಿ ವಜಾ ಮಾಡಿತು.

ಮುಖರ್ಜಿಯವರ ನಿರ್ಣಯಕ್ಕೂ ಮೂರನೇ ಪ್ಯಾರಾಕ್ಕೂ ನೇರ ಕೊಂಡಿ ಇಲ್ಲ, ಒಪ್ಪುತ್ತೇನೆ. ಆದರೆ ‘ಕ್ರೈಸ್ತರಿಗೆ ವಿಶೇಷವಾಗಿ ಏನೂ ಬೇಡ’ ಎಂಬ ಮಾತು ಓದಿದವರ, ನೆಲೆ ಕಂಡವರ ಬಾಯಲ್ಲಿ ತ್ಯಾಗವಾಗಿ ಕೇಳಿಸಿದರೆ, ಬೇಕು ಎನ್ನಲು ಇನ್ನೊಬ್ಬನಿಗೆ ಬಾಯೇ ಇಲ್ಲದಂತಾಗುತ್ತದೆ. ತನ್ನ ತಟ್ಟೆಯದನ್ನು ಬಿಟ್ಟುಕೊಡುವುದು ಬೇರೆ, ಪಕ್ಕದವನ ಹಸಿವಿನ ಬಗ್ಗೆ ಉದಾರವಾಗುವುದು ಬೇರೆ. ಪರಿಶಿಷ್ಟ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ವರದಿ ಕೊಟ್ಟಿತ್ತು. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಬಂತು.

ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗ ಕೊಟ್ಟಿದ್ದಾರೆ. ಮತ ಬದಲಾದರೂ ಜಾತಿ ಬೆನ್ನು ಬಿಡುವುದಿಲ್ಲ ಎಂಬುದು ಸರ್ಕಾರಿ ಕಡತಕ್ಕೆ ಗೊತ್ತು. ರಾಜ್ಯದ 2025ರ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಗಳ ಹೆಸರಿನ ಮುಂದೆ ‘ಕ್ರಿಶ್ಚಿಯನ್’ ಎಂದು ಕಂಡಾಗ ಎದ್ದ ಗದ್ದಲ ನೆನಪಿರಬಹುದು. ಮತಾಂತರಕ್ಕೆ ಇದು ಕುಮ್ಮಕ್ಕು ಎಂದವರು ಒಂದು ಕಡೆ. ‘ನಮ್ಮಲ್ಲಿ ಜಾತಿ ಎಲ್ಲಿದೆ?’ ಎಂದು ನೊಂದುಕೊಂಡ ನಮ್ಮವರು ಇನ್ನೊಂದು ಕಡೆ. ಕರಾವಳಿಯ ಮನೆಗಳಲ್ಲಿ ಮದುವೆ ಮಾತುಕತೆ ಹೇಗೆ ಸಾಗುತ್ತದೆ ಎಂದು ಕಂಡವರಿಗೆ ಗೊತ್ತು. ಹುಡುಗನ ಓದು, ದುಬೈ ಕೆಲಸ, ಯಾವ ಇಗರ್ಜಿ ಎಲ್ಲ ಮುಗಿದ ಮೇಲೆ, ಕಾಫಿ ಲೋಟ ಎತ್ತಿಡುತ್ತಾ ಹಿರಿಯರೊಬ್ಬರು ದನಿ ಇಳಿಸಿ ಕೇಳುತ್ತಾರೆ: ‘ಬಾಮಣರೋ, ಚಾರೋಡಿಗಳೋ?’