ಐಷಾರಾಮಿ ಕಾರು: ಹಿಂದಿನ ಆಸನದ ಲೆಕ್ಕ

ಷೋರೂಮಿನಲ್ಲಿ ಯಜಮಾನರು ಪರೀಕ್ಷಿಸುವುದು ಚಾಲಕನ ಆಸನವನ್ನು. ಕೊಂಡ ಮೇಲೆ ಕುಳಿತು ಸಂಚರಿಸುವುದು ಹಿಂದಿನ ಆಸನದಲ್ಲಿ. ಐಷಾರಾಮಿ ಕಾರಿನ ಆಯ್ಕೆ ತಪ್ಪುವುದು ಬಹುಪಾಲು ಇಲ್ಲಿಯೇ.

2024ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಬಿಎಂಡಬ್ಲ್ಯು 530ಎಲ್‌ಐ ಹಾಗೂ ಮರ್ಸಿಡಿಸ್-ಬೆಂಜ್ ಇ-ಕ್ಲಾಸ್ ಇದಕ್ಕೆ ಉತ್ತಮ ನಿದರ್ಶನ. ಮೊದಲನೆಯದು ಚೆನ್ನೈಯಲ್ಲಿ, ಎರಡನೆಯದು ಪುಣೆ ಸಮೀಪದ ಚಾಕಣದಲ್ಲಿ ಜೋಡಣೆಗೊಳ್ಳುತ್ತದೆ. ಬಿಡುಗಡೆಯ ವೇಳೆ ಷೋರೂಂ ಬೆಲೆ ಕ್ರಮವಾಗಿ 72.9 ಲಕ್ಷ ಹಾಗೂ 78.5 ಲಕ್ಷ ರೂಪಾಯಿಗಳಿಂದ ಆರಂಭವಾಗಿತ್ತು. ಮುಂದಿನ-ಹಿಂದಿನ ಚಕ್ರಗಳ ನಡುವಣ ಅಂತರ ಬಿಎಂಡಬ್ಲ್ಯುವಿನಲ್ಲಿ 3,105 ಮಿ.ಮೀ., ಬೆಂಜ್‌ನಲ್ಲಿ 3,094. ಈ 11 ಮಿ.ಮೀ. ಜಾಹೀರಾತಿಗೆ ಸರಿ, ಕಾಲಿಗೆ ತಿಳಿಯದು.

ತಿಳಿಯುವುದು ಒರಗಿನ ವ್ಯತ್ಯಾಸ. ಬೆಂಜ್‌ನ ಹಿಂದಿನ ಆಸನದ ಒರಗು 36 ಡಿಗ್ರಿಯವರೆಗೆ ವಾಲುತ್ತದೆ. ತೊಡೆಯ ಆಧಾರವನ್ನೂ ಮುಂದಕ್ಕೆ ಚಾಚಬಹುದು. ಬಿಎಂಡಬ್ಲ್ಯುವಿನ ಒರಗು ವಾಲದು. ಬೆಂಗಳೂರು-ಹುಬ್ಬಳ್ಳಿ ನಡುವೆ ಪದೇ ಪದೇ ಪ್ರಯಾಣಿಸುವ, ಐವತ್ತು ದಾಟಿದ ವರ್ತಕರಿಗೆ ಬಿಡುಗಡೆಯ ವೇಳೆಯ ಆ 5.6 ಲಕ್ಷದ ಹೆಚ್ಚಳ ದುಬಾರಿಯೆನಿಸಲಾರದು. ತಾವೇ ಓಡಿಸುವವರು ಅದನ್ನು ತೆರಬೇಕಾದ ಅಗತ್ಯವಿಲ್ಲ. ಅವರಿಗೆ ಬಿಎಂಡಬ್ಲ್ಯು ಸಾಕು.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆ ಮರಳೀತೆಂಬ ಭ್ರಮೆ ಮಾತ್ರ ಬೇಡ. ಇಂತಹ ಪ್ರಯಾಣಿಕ ವಾಹನಗಳಿಗೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಸಾಮಾನ್ಯ ವ್ಯಾಪಾರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ.